ಸಣ್ಣ ಬಿ, ದೊಡ್ಡ ಬಿ

ಕಳೆದ ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಲೆಂದು ಅಟ್ಟದ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸಿದೆವು. ಅದರಲ್ಲೊಂದು ರಟ್ಟಿನ ಪೆಟ್ಟಿಗೆ. ಬಿಚ್ಚಿ ನೋಡಿದರೆ ಮೂರು ಬೆರಳಗಲದ, ಬೂದು ಬಣ್ಣದ, ಚಪ್ಪಟೆ ಪಟ್ಟಿಯಂಥ ಕೇಬಲ್ ಮಡಚಿಟ್ಟಿತ್ತು. ತುದಿಯಲ್ಲಿ 68 ಪಿನ್ನುಗಳು. ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ನೂ ಗುಜರಿಗೆ ಹಾಕೋದಾ?” ಅಂದಳು. ಹೂಂ ಅನ್ನಬೇಕೆಂದಿದ್ದವನು ಸುಮ್ಮನಾದೆ. ಕೇಬಲ್ಲಿನ ಕೆಳಗೆ 2001ರ ಡೈರಿ ಇತ್ತು. ಅದರ ಯಾವ ಪುಟದಲ್ಲಿ ಏನಿದೆಯೆಂದು ತೆರೆಯದೆಯೇ ನನಗೆ ಗೊತ್ತಿತ್ತು.

ಅದು ಸ್ಕಸಿ ಕೇಬಲ್. ಬರೆಯುವಾಗ ಎಸ್‌ಸಿಎಸ್‌ಐ, ಬಾಯಲ್ಲಿ ಸ್ಕಸಿ. ಕಂಪ್ಯೂಟರಿಗೂ ಅದರ ಹಾರ್ಡ್ ಡಿಸ್ಕಿಗೂ ನಡುವಿನ ಸೇತುವೆ. ಈಗಿನ ಹುಡುಗರಿಗೆ ತೋರಿಸಿದರೆ ಮ್ಯೂಸಿಯಮ್ಮಿನ ವಸ್ತು ಎನ್ನುತ್ತಾರೆ. ಆಗ ದೊಡ್ಡ ಸರ್ವರುಗಳೆಲ್ಲ ಅದರ ಮೇಲೇ ಓಡುತ್ತಿದ್ದವು. ಡೈರಿಯ ಪುಟದಲ್ಲಿ ನನ್ನ ಕೈಬರಹದ ನಾಲ್ಕು ಸಾಲು ಹೀಗಿವೆ:

ಡಿಸ್ಕ್ 40 ಎಂಬಿ. ಲೈನ್ 2 ಎಂಬಿ. 40 ÷ 2 = 20.
ಡೇಟಾ 8 ಗಿಗಾ. ಡಿಸ್ಕಿಗೆ 200 ಸೆಕೆಂಡ್.
ಲೈನಿಗೆ 200 × 20 = 4000 ಸೆಕೆಂಡ್. 1 ಗಂಟೆ 7 ನಿಮಿಷ.
ಎಚ್ಚರಿಕೆಗೆ 2 ಗಂಟೆ ಇಟ್ಟುಕೊಳ್ಳಿ.

ಗುಣಾಕಾರ ಭಾಗಾಕಾರದಲ್ಲಿ ಎಲ್ಲೂ ತಪ್ಪಿಲ್ಲ. ನಾಲ್ಕನೇ ಕ್ಲಾಸಿನ ಮೇಷ್ಟ್ರು ನೋಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಇದೇ ಲೆಕ್ಕದಿಂದ ಒಬ್ಬರ ಕೆಲಸ ಹೋಯಿತು.

ಆಗ ನಾನು ಬೆಂಗಳೂರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಬೇರೆಯವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಗಿರಾಕಿಗಳಲ್ಲಿ ಒಂದು ಹಣಕಾಸು ಸಂಸ್ಥೆ. ಬಂಗಾರದ ಮೇಲೆ ಸಾಲ, ತಿಂಗಳ ಉಳಿತಾಯ, ಅಂಥವು. ಅವರ ಹುಬ್ಬಳ್ಳಿ ಶಾಖೆಯ ಹಳೇ ಸರ್ವರನ್ನು ತೆಗೆದು ಹೊಸದನ್ನು ಕೂರಿಸಬೇಕಿತ್ತು. ಒಂದುಗೂಡಿಸಿದ ಲೆಕ್ಕಪತ್ರವೆಲ್ಲ ಬೆಂಗಳೂರಿನ ಯಂತ್ರದಿಂದ ಬಾಡಿಗೆ ಲೈನಿನಲ್ಲಿ ಹೊಸ ಸರ್ವರಿಗೆ ಹೋಗಬೇಕು. ಆಮೇಲೆ ಹಳೇ ಯಂತ್ರವನ್ನು ನಿಲ್ಲಿಸಿ, ಅದರ ಡಿಸ್ಕನ್ನು ಒರೆಸಿ, ಹೊಸದಕ್ಕೆ ಎರಡನೇ ಡಿಸ್ಕಾಗಿ ಸೇರಿಸಬೇಕು. ಭಾನುವಾರ ರಾತ್ರಿ 10ಕ್ಕೆ ಶುರು. ನನ್ನ ಲೆಕ್ಕದ ಪ್ರಕಾರ 12ಕ್ಕೆ ಡೇಟಾ ಮುಗಿಯುತ್ತದೆ, 2 ಗಂಟೆಗೆ ಎಲ್ಲರೂ ಮಲಗಬಹುದು. ಆ ನಾಲ್ಕು ಸಾಲನ್ನು ವೇಳಾಪಟ್ಟಿಯ ತಲೆಯಲ್ಲಿ ಬರೆದು ಹುಬ್ಬಳ್ಳಿಗೆ ಫ್ಯಾಕ್ಸ್ ಮಾಡಿದೆ.

ಹುಬ್ಬಳ್ಳಿಯಲ್ಲಿ ಯಂತ್ರದ ಮುಂದೆ ಕೂರುವವರು ಒಬ್ಬ ಆಪರೇಟರ್. ಎಷ್ಟೋ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸಿ, ಅದು ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತು ಬಂದವರು. ಅದಕ್ಕೇ ಎಲ್ಲರಿಗೂ ಅವರು ಮಾಸ್ತರ್. ನನಗಿಂತ ಹದಿನೆಂಟು ವರ್ಷ ದೊಡ್ಡವರು, ಆದರೂ ನನ್ನನ್ನು ‘ಸರ’ ಎನ್ನುತ್ತಿದ್ದರು. ಗುತ್ತಿಗೆದಾರನ ಮೂಲಕ ಬಂದ ನೌಕರಿ. ತಿಂಗಳು ತಿಂಗಳು ನವೀಕರಣ.

ರಾತ್ರಿ 12ಕ್ಕೆ ಸರಿಯಾಗಿ ಅವರ ಫೋನ್ ಬಂತು. “ಸರ, ಐದರಾಗ ಒಂದು ಪಾಲು ಬಂದಿರಬೇಕ್ರಿ, ಅಷ್ಟ.”

“ಲೈನ್ ಸ್ವಲ್ಪ ನಿಧಾನ ಇರ್ಬೇಕು ಮಾಸ್ತರ್ರೇ. ಬಂದ್ಬಿಡುತ್ತೆ. ನೀವು ಹಳೇದರ ಕೆಲಸ ಶುರು ಮಾಡಿ, ಇಲ್ದಿದ್ರೆ ಬೆಳಗಾಗುತ್ತೆ.”

“ಬಂದ್ ಮಾಡ್ಲೇನ್ರಿ ಸರ?”

“ಮಾಡಿ.”

“ಡಿಸ್ಕ್ ಒರಸ್ಲೇನ್ರಿ?”

“ಪಟ್ಟಿಯಲ್ಲಿ ಇದ್ಯಲ್ಲ ಮಾಸ್ತರ್ರೇ.”

ಎರಡೆರಡು ಸಲ ಕೇಳಿದ್ದರು.

3 ಗಂಟೆಗೆ ಲೈನ್ ಕಡಿಯಿತು. ನಲವತ್ತು ನಿಮಿಷದ ಮೇಲೆ ಮತ್ತೆ ಬಂತು. ಫೈಲುಗಳನ್ನು ಕಳಿಸುತ್ತಿದ್ದ ಪ್ರೋಗ್ರಾಮಿಗೆ ತಾನು ಎಲ್ಲಿ ನಿಂತೆ ಎಂದು ನೆನಪಿಟ್ಟುಕೊಳ್ಳುವ ಬುದ್ಧಿ ಇರಲಿಲ್ಲ. ಅದನ್ನು ಬರೆದವನೂ ನಾನೇ. ಮತ್ತೆ ಮೊದಲಿನಿಂದ ಶುರುವಾಯಿತು. ಎಷ್ಟು ಹೊತ್ತಿಗೆ ಮುಗಿದೀತು ಎಂದು 4 ಗಂಟೆಗೆ ಕ್ಯಾಲ್ಕುಲೇಟರ್ ಹಿಡಿದು ಕೂತಾಗ, ನಿಮಿಷಕ್ಕೆ ಬರುತ್ತಿರುವುದನ್ನೂ ಬರಬೇಕಾದದ್ದನ್ನೂ ಭಾಗಿಸಿದೆ. ಉತ್ತರ ಎಂಟರ ಆಸುಪಾಸು ಬಂತು. ಎಂಟು ಎಂದು ಕಂಡ ಕೂಡಲೇ ಹೊಟ್ಟೆಯೊಳಗೆ ತಣ್ಣಗಾಯಿತು.

ಡಿಸ್ಕಿನವರ ಎಂಬಿಯಲ್ಲಿ ‘ಬಿ’ ಬೈಟ್. ಇಂಗ್ಲಿಷಿನಲ್ಲಿ ದೊಡ್ಡ ಬಿ. ಲೈನಿನವರ ಎಂಬಿಯಲ್ಲಿ ‘ಬಿ’ ಬಿಟ್, ಸಣ್ಣ ಬಿ. ಎಂಟು ಬಿಟ್ಟಿಗೆ ಒಂದು ಬೈಟ್. ಕಾಲೇಜಿನ ಮೊದಲ ವಾರದಲ್ಲೇ ಕಲಿತದ್ದು. ಆದರೆ ನಾವು ಮಾತಾಡುವುದು ಕನ್ನಡದಲ್ಲಿ, ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಬಾಯಿಗೂ ಇಲ್ಲ. “ಡಿಸ್ಕ್ ನಲವತ್ತು ಎಂಬಿ, ಲೈನ್ ಎರಡು ಎಂಬಿ” ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ, ಎರಡೂ ಒಂದೇ ಸೇರಿನ ಅಳತೆ ಎನ್ನುವಂತಾಗಿತ್ತು.

ಇಬ್ಬರ ಅಳತೆ ಬೇರೆಯಾದದ್ದು ಹಟಕ್ಕಲ್ಲ. ಅವು ಹುಟ್ಟಿದ ಮನೆಗಳೇ ಬೇರೆ. ಟೆಲಿಫೋನಿನವರು ಲೆಕ್ಕ ಶುರು ಮಾಡಿದ್ದು ಮನುಷ್ಯನ ದನಿಯಿಂದ. ಫೋನಿನಲ್ಲಿ ಮಾತು ಅರ್ಥವಾಗಲು 300ರಿಂದ 3400 ಹರ್ಟ್ಸ್ ವರೆಗಿನ ಕಂಪನ ಸಾಕು. ಸ್ವಲ್ಪ ಜಾಗ ಬಿಟ್ಟು 4000 ಎಂದಿಟ್ಟುಕೊಂಡರು. ಯಾವುದೇ ಅಲೆಯನ್ನು ಅಂಕಿಗಳಲ್ಲಿ ಹಿಡಿಯಬೇಕಾದರೆ ಅದರ ಎರಡರಷ್ಟು ಸಲ ಅಳೆಯಬೇಕು. ಹಾಗಾಗಿ ಸೆಕೆಂಡಿಗೆ 8000 ಸಲ. ಪ್ರತಿ ಸಲಕ್ಕೆ 8 ಬಿಟ್. ಒಬ್ಬ ಮನುಷ್ಯ ಫೋನಿನಲ್ಲಿ ಮಾತಾಡುವುದೆಂದರೆ ಸೆಕೆಂಡಿಗೆ 64,000 ಬಿಟ್. ಇಂಥ 32 ಖಾನೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ 20,48,000 ಬಿಟ್. ಇದೇ ಇ1. ನಾವು ‘ಎರಡು ಎಂಬಿ ಲೈನ್’ ಎನ್ನುತ್ತಿದ್ದದ್ದು ಇದನ್ನೇ. ಸೊನ್ನೆಯ ಖಾನೆ ತಾಳ ಹಾಕುವುದಕ್ಕೆ, ಹದಿನಾರನೆಯದು ಯಾರಿಗೆ ಯಾರು ಕರೆ ಮಾಡಿದರು ಎಂಬ ಸಂಕೇತಕ್ಕೆ. ಉಳಿದ 30 ಖಾನೆಗಳಲ್ಲಿ 30 ಜನ ಮಾತಾಡಬಹುದು. ಅಮೆರಿಕದವರು 24 ಜನರನ್ನು ಕೂರಿಸಿ, ಒಂದೊಂದು ಸುತ್ತಿಗೆ ತಾಳದ ಒಂದು ಬಿಟ್ ಸೇರಿಸಿ 15,44,000 ಮಾಡಿಕೊಂಡರು. ಅದು ಟಿ1. ಭಾರತ ಹಿಡಿದದ್ದು ಯುರೋಪಿನ ದಾರಿ.

ದನಿ ಎನ್ನುವುದು ಹೊಳೆಯ ಹಾಗೆ. ಒಂದು ತಂತಿಯಲ್ಲಿ ಒಂದರ ಹಿಂದೆ ಒಂದು ಬಿಟ್ ಹೋಗುತ್ತಲೇ ಇರಬೇಕು. ಆದ್ದರಿಂದ ಅವರು ಬಿಟ್ಟುಗಳನ್ನೇ ಎಣಿಸುತ್ತಾರೆ, ಒಂದೂ ಬಿಡದೆ ಎಣಿಸುತ್ತಾರೆ. ತಾಳಕ್ಕೆ ಹೋಗುವ ಬಿಟ್ಟೂ ಅವರ ಲೆಕ್ಕದಲ್ಲಿದೆ.

ಸ್ಕಸಿಯವರ ಕಥೆ ಬೇರೆ. 1986ರಲ್ಲಿ ಅಮೆರಿಕದ ಮಾನಕವಾದ ಮೊದಲ ಸ್ಕಸಿಯಲ್ಲಿ ಎಂಟು ತಂತಿಗಳಲ್ಲಿ ಎಂಟು ಬಿಟ್ ಒಟ್ಟಿಗೆ ಹೊರಡುತ್ತಿದ್ದವು. ಗಾಡಿಗೆ ಒಂದು ಸಲ ಹೇರಿದರೆ ಒಂದು ಬೈಟ್. ಸೆಕೆಂಡಿಗೆ ಐವತ್ತು ಲಕ್ಷ ಸಲ ಹೇರಿದರೆ 5 ಮೆಗಾಬೈಟ್. ಎಂಟೂ ಒಟ್ಟಿಗೆ ಹೋಗುವಾಗ ಬಿಟ್ ಲೆಕ್ಕ ಯಾರಿಗೆ ಬೇಕು? ಗಾಡಿಯ ವೇಗ ಹೆಚ್ಚಿಸಿ 10 ಮಾಡಿದರು, ಮತ್ತೂ ಹೆಚ್ಚಿಸಿ 20. ತಂತಿಗಳನ್ನು ಹದಿನಾರು ಮಾಡಿ ಅಗಲಗೊಳಿಸಿದ ಮೇಲೆ 40. ಅಟ್ಟದಿಂದ ಇಳಿದ 68 ಪಿನ್ನಿನ ಪಟ್ಟಿ ಆ ಕಾಲದ್ದು. ಹೀಗೆಂದು ಡಿಸ್ಕಿನವರು ಎಂದೂ ಬಿಟ್ ಎಣಿಸಲೇ ಇಲ್ಲ ಎನ್ನುವಂತಿಲ್ಲ. ಸ್ಕಸಿಗೂ ಮುಂಚೆ, 1980ರ ಎಸ್‌ಟಿ-506 ಎಂಬ ಡಿಸ್ಕು ತಲೆಯಿಂದ ಓದಿದ್ದನ್ನು ಹಾಗೇ ಸಾಲಾಗಿ ಕಳಿಸುತ್ತಿತ್ತು, ಸೆಕೆಂಡಿಗೆ 5 ಮೆಗಾಬಿಟ್. ಆ ಡಿಸ್ಕಿನ ಹೊಟ್ಟೆ 5 ಮೆಗಾಬೈಟ್. ಮೊದಲ ಸ್ಕಸಿಯ ವೇಗವೂ ಸೆಕೆಂಡಿಗೆ 5 ಮೆಗಾಬೈಟ್. ಮೂರು ಕಡೆ 5, ಮೂರಕ್ಕೂ ಅರ್ಥ ಬೇರೆ. ನನ್ನಂಥವನು ಮುಗ್ಗರಿಸದೆ ಇನ್ನೇನು ಮಾಡಿಯಾನು ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

ಸರಿಯಾದ ಲೆಕ್ಕ ಹೀಗಿತ್ತು. ಡಿಸ್ಕಿನ 40 ಮೆಗಾಬೈಟ್ ಅಂದರೆ 320 ಮೆಗಾಬಿಟ್. ಅದನ್ನು 2.048ರಿಂದ ಭಾಗಿಸಿದರೆ 156.25. ನಾನು ಇಪ್ಪತ್ತು ಪಟ್ಟು ಎಂದು ಬರೆದಲ್ಲಿ ನೂರೈವತ್ತಾರು ಪಟ್ಟು ಎಂದಿರಬೇಕಿತ್ತು. ಇ1 ಲೈನನ್ನು ಬೈಟಿಗೆ ಇಳಿಸಿದರೆ ಸೆಕೆಂಡಿಗೆ 2,56,000 ಬೈಟ್, ಕಾಲು ಮೆಗಾಬೈಟಿಗಿಂತ ಒಂದು ಚೂರು ಹೆಚ್ಚು, ಅಷ್ಟೇ. 8 ಗಿಗಾಬೈಟ್ ಸಾಗಲು 31,250 ಸೆಕೆಂಡ್, 8 ಗಂಟೆ 41 ನಿಮಿಷ. ತಾಳದ ಖಾನೆ ಕಳೆದು, ಪ್ರತಿ ಪೊಟ್ಟಣದ ಮೇಲಿನ ವಿಳಾಸದ ಭಾರವನ್ನೂ ಕಳೆದರೆ ಒಂಬತ್ತು ಗಂಟೆ ದಾಟುತ್ತದೆ. ಇನ್ನು ಆ 40 ಎಂಬುದೂ ಡಿಸ್ಕಿನ ವೇಗವಲ್ಲ, ಕೇಬಲ್ಲಿನದು. ರಸ್ತೆ ಎಷ್ಟು ಅಗಲ ಇದೆ ಎನ್ನುವುದಕ್ಕೂ ಗಾಡಿ ಎಷ್ಟು ಓಡುತ್ತದೆ ಎನ್ನುವುದಕ್ಕೂ ಇರುವ ವ್ಯತ್ಯಾಸ. ಟೆಲಿಫೋನಿನವರು 20,48,000 ಎಂದರೆ ಹಗಲೂ ರಾತ್ರಿ, ಮಾತಿರಲಿ ಮೌನವಿರಲಿ, ಅಷ್ಟು ಬಿಟ್ ಹೋಗುತ್ತಲೇ ಇರುತ್ತದೆ. ಸ್ಕಸಿಯವರು 40 ಎಂದರೆ ‘ಅದಕ್ಕಿಂತ ಹೆಚ್ಚು ಹೋಗುವುದಿಲ್ಲ’ ಎಂದಷ್ಟೇ ಅರ್ಥ.

ಆ 8 ಗಿಗಾಬೈಟನ್ನು ಒಂದು ಡಿಸ್ಕಿಗೆ ತುಂಬಿ, ಟವೆಲ್ಲಿನಲ್ಲಿ ಸುತ್ತಿ, ಮೆಜೆಸ್ಟಿಕ್ಕಿನಲ್ಲಿ ಹುಬ್ಬಳ್ಳಿಯ ರಾತ್ರಿ ಬಸ್ಸು ಹತ್ತಿದ್ದರೆ? ದಾರಿಗೆ ಒಂಬತ್ತು ಗಂಟೆ ಹಿಡಿದರೂ ಸೆಕೆಂಡಿಗೆ ಸುಮಾರು ಹತ್ತೊಂಬತ್ತು ಮುಕ್ಕಾಲು ಲಕ್ಷ ಬಿಟ್ ಆಗುತ್ತದೆ. ನಮ್ಮ ದುಬಾರಿ ಲೈನಿಗೆ ಸಮ! ಮಡಿಲಲ್ಲಿ ಎರಡು ಡಿಸ್ಕ್ ಇಟ್ಟುಕೊಂಡಿದ್ದರೆ ಲೈನಿನ ಎರಡರಷ್ಟು. ಟೇಪು ತುಂಬಿದ ಗಾಡಿಯ ಇಂಥದೇ ಲೆಕ್ಕ ಟನೆನ್‌ಬಾಮ್ ಅವರ ಕಂಪ್ಯೂಟರ್ ನೆಟ್‌ವರ್ಕ್ಸ್ ಪುಸ್ತಕದಲ್ಲಿದೆ. ಪರೀಕ್ಷೆಗೆ ಓದಿದ್ದೆ, ನಕ್ಕಿದ್ದೆ, ಮರೆತಿದ್ದೆ.

ಮಾಸ್ತರಿಗೆ ಫೋನ್ ಮಾಡಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. “ಲೈನ್ ತೊಂದರೆ, ಮಧ್ಯಾಹ್ನ ಆಗುತ್ತೆ” ಅಂದೆ. ಅವರು ಆಗಲೇ ಹಳೇ ಡಿಸ್ಕ್ ಒರೆಸಿಯಾಗಿತ್ತು. ಶನಿವಾರದ ಟೇಪ್ ಇತ್ತು, ಆದ್ದರಿಂದ ಲೆಕ್ಕವೇನೂ ಕಳೆದುಹೋಗಲಿಲ್ಲ. ಆದರೆ ಟೇಪಿನಿಂದ ಎತ್ತಿ ಕೂರಿಸಲು ಹಳೇ ಯಂತ್ರವೇ ಬಿಚ್ಚಿ ಬಿದ್ದಿತ್ತು. ಬೆಳಿಗ್ಗೆ ಹತ್ತಕ್ಕೆ ಶಾಖೆಯ ಬಾಗಿಲು ತೆರೆದಾಗ ಕಂಪ್ಯೂಟರಿನಲ್ಲಿ ಯಾರ ಖಾತೆಯೂ ಇಲ್ಲ. ಹತ್ತೂವರೆಗೆ ಮಾಸ್ತರ್ ಮತ್ತೆ ಫೋನ್ ಮಾಡಿದರು. ಹಿಂದೆ ಗದ್ದಲ ಕೇಳುತ್ತಿತ್ತು. “ಸರ, ಒಬ್ಬಾಕಿ ಹೆಣ್ಮಗಳು ಬಂಗಾರ ಬಿಡಿಸ್ಕೊಳ್ಳಾಕ ಬಂದಾಳ್ರಿ. ನಾಳೆ ಅಕಿ ಮಗಳ ಮದುವಿ ಅಂತ. ಏನ್ ಹೇಳ್ಲಿ?” ನನ್ನಲ್ಲಿ ಉತ್ತರವಿರಲಿಲ್ಲ. ಡೇಟಾ ಬಂದು ಮುಗಿದದ್ದು ಮಧ್ಯಾಹ್ನ 1ಕ್ಕೆ. ಅದನ್ನು ಜೋಡಿಸಿ ಯಂತ್ರ ಬಾಯಿ ಬಿಡುವಷ್ಟರಲ್ಲಿ ಸಂಜೆ. ಆ ತಾಯಿಯ ಬಂಗಾರ ಮಾರನೇ ಬೆಳಿಗ್ಗೆ ಮುಹೂರ್ತಕ್ಕೆ ಮುಂಚೆ ಸಿಕ್ಕಿತಂತೆ. ಬಾಗಿಲು ತೆರೆಯುವ ಮುಂಚೆಯೇ ಒಳಗೆ ಕರೆದು ಕೊಡಿಸಿದವರು ಮಾಸ್ತರ್.

ಬುಧವಾರ ಬೆಂಗಳೂರಿನಲ್ಲಿ ಸಭೆ. ಗಿರಾಕಿಯ ಕಡೆಯವರು ಮೂವರು, ನಮ್ಮ ಕಡೆಯವರು ಮೂವರು. ಮಾಸ್ತರ್ ಅಲ್ಲಿರಲಿಲ್ಲ. ಗುತ್ತಿಗೆಯವರನ್ನು ಸಭೆಗೆ ಯಾರು ಕರೆಯುತ್ತಾರೆ? ಡೇಟಾ ಬರುವ ಮುಂಚೆ ಹಳೇ ಯಂತ್ರ ನಿಲ್ಲಿಸಿದವರು ಯಾರು ಎಂಬ ಪ್ರಶ್ನೆ ಬಂತು. ನಮ್ಮ ಮ್ಯಾನೇಜರ್, “ಅಲ್ಲಿನ ಆಪರೇಟರ್” ಎಂದರು. ಅದು ಸುಳ್ಳಲ್ಲ. ನನ್ನ ಕಡೆ ತಿರುಗಿ, “ಲೈನ್ ತೊಂದರೆ ಇತ್ತಲ್ಲವಾ?” ಎಂದು ಕೇಳಿದರು. “ಇತ್ತು ಸಾರ್, ಮೂರು ಗಂಟೆಗೆ ಕಡಿದಿತ್ತು” ಅಂದೆ. ಅದೂ ಸುಳ್ಳಲ್ಲ. ಫ್ಯಾಕ್ಸಿನ ಮೂಲಪ್ರತಿ ನನ್ನ ಡೈರಿಯಲ್ಲಿತ್ತು, ಡೈರಿ ನನ್ನ ತೊಡೆಯ ಮೇಲಿತ್ತು. ಮೇಜಿನ ಮೇಲೆ ಇಡಲಿಲ್ಲ. ತಿಂಗಳ ಕೊನೆಗೆ ಮಾಸ್ತರ ಗುತ್ತಿಗೆ ನವೀಕರಣವಾಗಲಿಲ್ಲ.

ಮುಂದಿನ ವಾರ ಸಾಗರಕ್ಕೆ ಹೋದೆ. ನಮ್ಮದು ಅಲ್ಲಿ ದಿನಸಿ ಅಂಗಡಿ. ಅಜ್ಜ ಇಟ್ಟದ್ದು, ಆಮೇಲೆ ಅಪ್ಪಯ್ಯ ನಡೆಸಿದ್ದು. ರಾತ್ರಿ ಗಿರಾಕಿಗಳು ಹೋದ ಮೇಲೆ ಅವರಿಗೆ ಎಲ್ಲ ಹೇಳಿದೆ. ಬಿಟ್ಟು ಬೈಟು ಅವರಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದೆ. ನನಗಿಂತ ಚೆನ್ನಾಗಿ ತಿಳಿಯಿತು.

“ಆಣೆ ಹೋಗಿ ಪೈಸೆ ಬಂದ ಹಾಗೆ” ಎಂದರು. 1957ರ ಏಪ್ರಿಲ್ ಒಂದಕ್ಕೆ ನಯಾಪೈಸೆ ಬಂದಾಗ ಅವರಿಗೆ ಹದಿನೇಳು. ಅಜ್ಜನ ಜೊತೆ ಗಲ್ಲದ ಹತ್ತಿರ ಕೂರುತ್ತಿದ್ದರು. ರೂಪಾಯಿಗೆ ಹದಿನಾರಾಣೆ ಇದ್ದದ್ದು ನೂರು ಪೈಸೆ ಆಯಿತು. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿದೆ? ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರದ ಕೋಷ್ಟಕ. ಕೆಲವು ವರ್ಷ ಹಳೇ ನಾಣ್ಯ, ಹೊಸ ನಾಣ್ಯ ಎರಡೂ ಚಲಾವಣೆಯಲ್ಲಿದ್ದವು.

“ಒಂದಾಣೆ ಸಾಮಾನಿಗೆ ಕಾಲು ಪೈಸೆ ನಮಗೆ ಲುಕ್ಸಾನು. ಎರಡಾಣೆಗೆ ಅರ್ಧ ಪೈಸೆ ಲುಕ್ಸಾನು. ಮೂರಾಣೆಗೆ ಕಾಲು ಪೈಸೆ ಗಿರಾಕಿಗೆ ಲುಕ್ಸಾನು. ನಿನ್ನಜ್ಜ ಮೂರಾಣೆ ಗಿರಾಕಿ ಬಂದ್ರೆ ಪೊಟ್ಟಣ ಕಟ್ಟೋ ಮುಂಚೆ ಒಂದು ಚಿಟಿಕೆ ಹೆಚ್ಚು ಹಾಕ್ತಿದ್ರು. ನಮಗೆ ಆಗೋ ಲುಕ್ಸಾನು ನಮಗೆ ಗೊತ್ತಿರ್ತದೆ, ಅವನಿಗೆ ಆಗೋದು ಅವನಿಗೆ ಗೊತ್ತಿರೋದಿಲ್ಲ ಅಂತಿದ್ರು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಎಂಟು ಪಟ್ಟು ಯಾರ ಲೆಕ್ಕಕ್ಕೆ ಬರೆದ್ರು?” ಎಂದು ಕೇಳಿದರು.

“ಮಾಸ್ತರ ಲೆಕ್ಕಕ್ಕೆ.”

ಅಪ್ಪಯ್ಯ ಏನೂ ಹೇಳಲಿಲ್ಲ. ಅಂಗಡಿಯ ಹಲಗೆ ಹಾಕಲು ಎದ್ದರು. ನಾನೂ ಒಂದೊಂದೇ ಹಲಗೆ ಎತ್ತಿ ಕೊಟ್ಟೆ.

ಬೆಂಗಳೂರಿಗೆ ಬಂದವನು ಮಾಡಿದ್ದೆಂದರೆ ಒಂದು ಕೋಷ್ಟಕ ಬರೆದು ಮೇಜಿನ ಗಾಜಿನಡಿ ಇಟ್ಟುಕೊಂಡದ್ದು. ಎಡಗಡೆ ಟೆಲಿಫೋನಿನ ಲೈನುಗಳು, ಬಲಗಡೆ ಡಿಸ್ಕಿನ ಕೇಬಲ್ಲುಗಳು, ನಡುವೆ ಎರಡನ್ನೂ ಬೈಟಿಗೆ ಇಳಿಸಿದ ಅಂಕಿ. ಬರೆಯುತ್ತ ಹೋದಂತೆ ಮಜಾ ಎನ್ನಿಸಿತೆಂದು ಒಪ್ಪಿಕೊಳ್ಳಬೇಕು. 34.368 ಮೆಗಾಬಿಟ್ಟಿನ ಇ3 ಲೈನು 4.296 ಮೆಗಾಬೈಟ್, ಅಮೆರಿಕದ 44.736ರ ಟಿ3 ಲೈನು 5.592. ಮೊದಲ ಸ್ಕಸಿಯ 5 ಸರಿಯಾಗಿ ಇವೆರಡರ ನಡುವೆ ಕೂರುತ್ತದೆ. ಗಾಜಿನ ಎಳೆಯ ಮೇಲೆ ಹೋಗುವ ಎಸ್‌ಟಿಎಂ-1 ಇದೆಯಲ್ಲ, 155.52 ಮೆಗಾಬಿಟ್, ಅದು 19.44 ಮೆಗಾಬೈಟ್. ಅದರಲ್ಲಿ 63 ಇ1 ಹಿಡಿಸುತ್ತವೆ, ಅಂದರೆ 1890 ಜನ ಒಂದೇ ಸಮನೆ ಮಾತಾಡಬಹುದು. ಊರೊಂದರ ಮಾತೆಲ್ಲ ಸೇರಿದರೂ 20 ಮೆಗಾಬೈಟಿನ ಒಂದು ಸ್ಕಸಿ ಪಟ್ಟಿ ತುಂಬುವುದಿಲ್ಲ! ಇದನ್ನು ಯಾರಿಗಾದರೂ ಹೇಳಬೇಕೆನ್ನಿಸಿದಾಗಲೆಲ್ಲ ಮಾಸ್ತರ ನೆನಪಾಗುತ್ತಿತ್ತು. ಅವರಿಗೆ ಇಂಥವು ಇಷ್ಟ. ಫೋನ್ ಮಾಡಲಿಲ್ಲ. ಒಂದು ವರ್ಷ ಕಳೆದರೆ ಮಾಡುವುದು ಕಷ್ಟ, ಐದು ವರ್ಷ ಕಳೆದರೆ ಮತ್ತೂ ಕಷ್ಟ. ಅಪ್ಪಯ್ಯ ಹೋಗಿಯೂ ಒಂಬತ್ತು ವರ್ಷವಾಯಿತು.

ಡೈರಿ ಸಿಕ್ಕ ಮಾರನೇ ದಿನ ಹಳೇ ಸಹೋದ್ಯೋಗಿಯೊಬ್ಬರಿಂದ ಮಾಸ್ತರ ನಂಬರ್ ಪಡೆದೆ. ಎರಡು ಸಲ ರಿಂಗಾಗುವಷ್ಟರಲ್ಲಿ ಇಟ್ಟುಬಿಡೋಣ ಎನ್ನಿಸಿತು. ಮೂರನೆಯದಕ್ಕೆ ಎತ್ತಿದರು. ಹೆಸರು ಹೇಳಿದ ಕೂಡಲೇ, “ಓಹೋ ಸರ, ಆರಾಮದೀರ್ರೀ?” ಅಂದರು. ದನಿ ಸ್ವಲ್ಪ ಒಡೆದಿದೆ, ಅಷ್ಟೇ. ಆ ಕೆಲಸ ಹೋದ ಮೇಲೆ ಕೋರ್ಟಿನ ಎದುರು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟರಂತೆ. ಮೊದಲ ಎರಡು ವರ್ಷ ಬಹಳ ತ್ರಾಸಾಯಿತಂತೆ. ಮಗಳ ಕಾಲೇಜು ಒಂದು ವರ್ಷ ನಿಂತಿತ್ತಂತೆ. ಇದನ್ನವರು ಮಳೆ ಬೆಳೆ ಹೇಳುವ ಹಾಗೆ ಹೇಳಿದರು.

“ಮಾಸ್ತರ್ರೇ, ಆವತ್ತಿನ ತಪ್ಪು ಲೈನಿಂದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ನನ್ನ ಲೆಕ್ಕದ್ದು. ನನಗೆ ಅವತ್ತೇ ಬೆಳಗಿನ ಜಾವ ಗೊತ್ತಾಗಿತ್ತು. ಸಭೆಯಲ್ಲಿ ಬಾಯಿ ಬಿಡಲಿಲ್ಲ.”

“ನಂಗೂ ಗೊತ್ತಿತ್ರಿ ಸರ.”

“ಏನು?”

“ಚೀಟಿ ನನ್ನ ಹಂತೇಕನ ಇತ್ತಲ್ರಿ. ಮುಂಜಾನೆ ಕುಂತು ಲೆಕ್ಕ ಹಾಕಿದ್ನಿ. ಎಂಟು ಪಟ್ಟು ಬಂತು. ಹಾಂ, ಸರ ಬಿಟ್ ಬೈಟ್ ಅದಲು ಬದಲು ಮಾಡ್ಯಾರ ಅಂದ್ಕೊಂಡ್ನಿ.”

“ಮತ್ತೆ ಯಾರಿಗೂ ತೋರಿಸಲಿಲ್ಲವಾ?”

“ತೋರ್ಸಿದ್ನಿ. ಶಾಖೆ ಸಾಹೇಬ್ರಿಗೆ ತೋರ್ಸಿದ್ನಿ. ಅವ್ರು ನೋಡಿ, ಎರಡೂ ಎಂಬಿನ ಅಲ್ಲೋ ಮಾಸ್ತರ, ಏನ್ ಫರಕೈತಿ ಅಂದ್ರು.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. “ನೀವು ನನಗೆ ಫೋನ್ ಮಾಡಬಹುದಿತ್ತು” ಅಂದೆ. ಅಂದ ಮೇಲೆ ನಾಚಿಕೆಯಾಯಿತು.

“ನೀವು ಮಾಡ್ತೀರಿ ಅಂತ ಹಾದಿ ನೋಡಿದ್ನಿ ಸರ” ಎಂದರು. ಬೈಯುವ ದನಿಯಲ್ಲ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ನಕ್ಕು, “ಮೊನ್ನೆ ಒಂದು ಮಜಾ ಆತ್ರಿ” ಎಂದು ಶುರು ಮಾಡಿದರು. “ನಮ್ಮ ಓಣ್ಯಾಗ ಎಲ್ಲಾರೂ ಫೈಬರ್ ಹಾಕ್ಸ್ಯಾರ್ರಿ, ನೂರು ಎಂಬಿ ಅಂತ. ಬಾಜೂ ಮನಿ ಹುಡುಗ ಬಂದು, ಅಜ್ಜಾರ, ಸಿನಿಮಾ ಇಳಿಸಾಕ ಕುಂತ್ರ ಬರೇ ಹನ್ನೆರಡು ತೋರಸ್ತೈತಿ, ಕಂಪನಿಯವ್ರು ಮೋಸ ಮಾಡ್ಯಾರ ಅಂತ ಒದರಾಡಾಕತ್ತಿದ್ದ. ಎಂಟರ್ಲೆ ಭಾಗಸೋ ತಮ್ಮಾ ಅಂದ್ನಿ.”

“ತಿಳೀತಾ ಅವನಿಗೆ?”

“ಎಲ್ಲೀದ್ರಿ. ಹೂಂ ಹೂಂ ಅಂದ, ಹೊರಗ ಹೋಗಿ ಕಂಪನಿಗೆ ಫೋನ್ ಹಚ್ಚಿದ.”